ರೇಷ್ಮೆಯ ಎಳೆ ಕಟ್ಟಿದ ಬಂದರು

ಮಂಗಳೂರು ಎಂದೊಡನೆ ಬಹುಮಂದಿಗೆ ಕಡಲು ನೆನಪಾಗುತ್ತದೆ. ಆದರೆ ಕನ್ನಡನಾಡಿನಲ್ಲಿ ಇನ್ನೊಂದು ಮಂಗಳೂರು ಉಂಟು. ಅದು ಕೊಪ್ಪಳ ಜಿಲ್ಲೆಯದು, ಯಲಬುರ್ಗಾ ಸೀಮೆಯ ಎರೆಹೊಲಗಳ ನಡುವಿನದು. ಊರ ಹೆಸರು ಕೇಳಿದವರು ಮೀನಿನ ಧಾರಣೆ ವಿಚಾರಿಸಿದರೆ ಜೋಳದ ಧಾರಣೆ ಹೇಳಿ ನಗುವವರು ನಾವು. ಆ ಮಂಗಳೂರಿನವನಾದ ನನಗೆ ಬಂದರೆಂಬುದು ಬಹುಕಾಲ ಪುಸ್ತಕದ ಮಾತಾಗಿಯೇ ಉಳಿದಿತ್ತು. ಬಂದರು ಹೇಗೆ ಹುಟ್ಟುತ್ತದೆ, ಯಾರ ದುಡಿಮೆಯಿಂದ ಬೆಳೆಯುತ್ತದೆ ಎಂಬುದು ನನಗೆ ತಿಳಿದದ್ದು ಜಪಾನಿನ ಯೊಕೊಹಾಮದಲ್ಲಿ, ಅಲ್ಲಿನ ಇಬ್ಬರು ಮಿತ್ರರೊಡನೆ ಕಳೆದ ಒಂದೇ ದಿನದಲ್ಲಿ.

ಮಿತ್ರರು ಶಾಲಾಶಿಕ್ಷಕರಾಗಿದ್ದು ನಿವೃತ್ತರಾದ ದಂಪತಿಗಳು. ಹಚಿಯೋಜಿ ಎಂಬ ಊರಿನವರು. ಅಲ್ಲಿಂದ ಯೊಕೊಹಾಮಕ್ಕೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಇಂದು ಕಚೇರಿಗೆ ಹೋಗುವವರಿಂದ ಕಿಕ್ಕಿರಿಯುವ ಈ ಮಾರ್ಗ 1908ರಲ್ಲಿ ತೆರೆದದ್ದು ಮುಖ್ಯವಾಗಿ ರೇಷ್ಮೆಗಾಗಿ. ಗುಡ್ಡಗಾಡಿನ ಹಳ್ಳಿಗಳ ನೂಲು ಹಚಿಯೋಜಿಯಲ್ಲಿ ಸೇರಿ, ಅಲ್ಲಿಂದ ಕಡಲಿಗೆ ಇಳಿಯುತ್ತಿತ್ತು. ರೈಲು ಬರುವ ಮೊದಲು ಅದೇ ಸರಕನ್ನು ಹೊತ್ತು ಸಾಗುತ್ತಿದ್ದ ಕಾಲುಹಾದಿಯ ಒಂದು ತುಣುಕನ್ನು 'ರೇಷ್ಮೆಯ ದಾರಿ' ಎಂದು ಇಂದಿಗೂ ಕಾಪಾಡಿಕೊಂಡಿದ್ದಾರೆ.

ಯೊಕೊಹಾಮ ಪುರಾತನ ನಗರವಲ್ಲ. 1859ರಲ್ಲಿ ವಿದೇಶೀ ವ್ಯಾಪಾರಕ್ಕೆ ತೆರೆದಾಗ ಅದೊಂದು ಸಣ್ಣ ಬೆಸ್ತರ ಹಳ್ಳಿ. ಆ ಹೊತ್ತಿಗೆ ಯುರೋಪಿನಲ್ಲಿ ರೇಷ್ಮೆಹುಳುಗಳಿಗೆ ಪೆಬ್ರಿನ್ ಎಂಬ ರೋಗ ತಗಲಿ ಫ್ರಾನ್ಸ್, ಇಟಲಿಗಳ ಸಾಕಣೆ ನೆಲಕಚ್ಚಿತ್ತು. ಅಲ್ಲಿನ ವರ್ತಕರು ಜಪಾನಿನ ನೂಲಿಗೂ ಹುಳುವಿನ ಮೊಟ್ಟೆಗಳಿಗೂ ಮುಗಿಬಿದ್ದರು. ಒಬ್ಬರ ಹುಳು ಸತ್ತದ್ದರಿಂದ ಇನ್ನೊಬ್ಬರ ಬಂದರು ಬದುಕಿತು. ಮುಂದೆ ಹಲವು ದಶಕಗಳ ಕಾಲ ರೇಷ್ಮೆಯೇ ಜಪಾನಿನ ಮೊದಲ ರಫ್ತು. ಆ ದೇಶ ಕೊಂಡ ಯಂತ್ರಗಳ, ಕಟ್ಟಿದ ಹಡಗುಗಳ ಬೆಲೆಯಲ್ಲಿ ಬಹುಪಾಲು ತೆತ್ತದ್ದು ಹಳ್ಳಿಯ ಹೆಂಗಸರು ಬಿಚ್ಚಿದ ಎಳೆಯೇ.

ಬಂದರಿನ ಬಳಿ ಒಂದು ರೇಷ್ಮೆ ಸಂಗ್ರಹಾಲಯವಿದೆ. ಬಂದರು ತೆರೆದ ನೂರನೆಯ ವರ್ಷ, 1959ರಲ್ಲಿ ಕಟ್ಟಿದ್ದು. ಅಲ್ಲಿ ಮಿತ್ರರ ಪತ್ನಿ ನಮಗಿಂತ ಹಿಂದೆ ಹಿಂದೆ ಉಳಿಯುತ್ತಿದ್ದರು. ಅವರು ಗುನ್ಮ ಪ್ರಾಂತದ ರೈತರ ಮನೆಯ ಮಗಳು. ಮನೆಯ ಮಹಡಿಯೆಲ್ಲ ಹುಳುಗಳಿಗೆ, ಕೆಳಗಿನ ಇಕ್ಕಟ್ಟು ಮನುಷ್ಯರಿಗೆ. ರಾತ್ರಿ ಹುಳುಗಳು ಸೊಪ್ಪು ಮೇಯುವ ಸದ್ದು ಮಾಡಿನ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತಂತೆ. ಅಲ್ಲಿನ ರೈತರು ಹುಳುವನ್ನು 'ಒಕೈಕೊ-ಸಾಮ' ಎನ್ನುತ್ತಿದ್ದರು. 'ಸಾಮ' ಎಂಬುದು ದೊಡ್ಡವರಿಗೆ, ದೇವರಿಗೆ ಸಲ್ಲುವ ಗೌರವಪದ. ಅನ್ನ ಕೊಡುವ ಪ್ರಾಣಿಗೆ ಬಹುವಚನ ಸಲ್ಲಿಸುವ ಈ ಪರಿ ನನಗೆ ಎತ್ತಿನ ಪೂಜೆಯ ನಾಡನ್ನು ನೆನಪಿಗೆ ತಂದಿತು.

ಊಟದ ನಂತರ ಯಮಾಶಿತಾ ಉದ್ಯಾನಕ್ಕೆ ಹೋದೆವು. ಈ ಸೊಗಸಾದ ಹಸಿರು ನಿಂತಿರುವುದು ಒಂದು ನಗರದ ಅವಶೇಷದ ಮೇಲೆ. 1923ರ ಸೆಪ್ಟೆಂಬರ್ 1ರಂದು, ಮಧ್ಯಾಹ್ನದ ಅಡುಗೆಯ ಒಲೆಗಳು ಉರಿಯುತ್ತಿದ್ದ ವೇಳೆಯಲ್ಲಿ, ಭೂಮಿ ನಡುಗಿತು. ಉಳಿದದ್ದನ್ನು ಬೆಂಕಿ ನುಂಗಿತು. ಆ ಇಟ್ಟಿಗೆ ಮಣ್ಣನ್ನು ಕಡಲಿಗೆ ಸುರಿದು, ಅದರ ಮೇಲೆ 1930ರಲ್ಲಿ ಉದ್ಯಾನ ತೆರೆದರು. ಅದರ ದಡಕ್ಕೆ ಕಟ್ಟಿರುವ ಹಿಕಾವಾ ಮಾರು ಹಡಗೂ 1930ರಲ್ಲೇ ಯಾನಕ್ಕಿಳಿದದ್ದು. ಅಮೆರಿಕಕ್ಕೆ ಹೋಗುವ ನೂಲಿಗೆ ಅದರಲ್ಲೊಂದು ಪ್ರತ್ಯೇಕ ಕೋಣೆಯಿತ್ತು.

ಉದ್ಯಾನದ ಒಂದು ಬದಿಯಲ್ಲಿ ಗುಮ್ಮಟ ಹೊತ್ತ ಸಣ್ಣ ಮಂಟಪವೊಂದಿದೆ. ನಮ್ಮ ಕಡೆಯ ಯಾವುದೋ ಕಟ್ಟಡ ಹಾದಿ ತಪ್ಪಿ ಅಲ್ಲಿಗೆ ಬಂದಂತೆ ಕಾಣುತ್ತದೆ. ಅದು ಭಾರತೀಯ ಜಲಗೋಪುರ. ಯೊಕೊಹಾಮದಲ್ಲಿ ರೇಷ್ಮೆಬಟ್ಟೆಯ ವ್ಯಾಪಾರ ಮಾಡುತ್ತಿದ್ದವರಲ್ಲಿ ಸಿಂಧಿಗಳೇ ಮೊದಲಾದ ಭಾರತೀಯರು ಪ್ರಮುಖರಾಗಿದ್ದರು. ಭೂಕಂಪದ ತರುವಾಯ ಅವರು ಕೋಬೆ ಬಂದರಿಗೆ ಸರಿದಾಗ, ಯೊಕೊಹಾಮದವರು ಮನೆ ಮಳಿಗೆಗಳನ್ನು ಒದಗಿಸಿ ಮರಳಿ ಕರೆಸಿಕೊಂಡರು. ಆ ಉಪಕಾರದ ಸ್ಮರಣೆಗಾಗಿಯೂ ಮಡಿದ ತಮ್ಮವರ ನೆನಪಿಗಾಗಿಯೂ ಭಾರತೀಯರು ಮೂವತ್ತರ ದಶಕದ ಕೊನೆಯಲ್ಲಿ ಈ ಮಂಟಪವನ್ನು ಕೊಡುಗೆಯಿತ್ತರು. ಒಳಗೆ ನಿಂತು ತಲೆಯೆತ್ತಿದರೆ ಗುಮ್ಮಟದ ಬಣ್ಣದ ಹರಳುಗೆಲಸ ಕಣ್ಣು ತುಂಬುತ್ತದೆ.

ಮಿತ್ರರು ಅದನ್ನು ಹೆಮ್ಮೆಯಿಂದ ತೋರಿಸಿದರು. ನನ್ನ ಮನಸ್ಸು ಮಾತ್ರ ಅಷ್ಟು ನಿರಾಳವಾಗಿರಲಿಲ್ಲ. ಆ ದಶಕದಲ್ಲೇ ಚೀನಾ ಜಪಾನುಗಳ ಅಗ್ಗದ ರೇಷ್ಮೆ ಭಾರತದ ಪೇಟೆಗೆ ನುಗ್ಗಿ ಮೈಸೂರು ಸೀಮೆಯ ಹಿಪ್ಪುನೇರಳೆ ಬೆಳೆಗಾರನ, ನೂಲು ಬಿಚ್ಚುವವನ ಬೆನ್ನು ಮುರಿದಿತ್ತು. 1933ರಲ್ಲಿ ಸುಂಕ ಮಂಡಲಿ ವಿಚಾರಣೆ ನಡೆಸಬೇಕಾಯಿತು. ಮರುವರ್ಷ ರಕ್ಷಣಾಸುಂಕ ಬಂತು. ಈ ದಡದಲ್ಲಿ ಸರಕು ಏರಿಸಿದವರೂ ಭಾರತೀಯರು, ಆ ದಡದಲ್ಲಿ ಸೋತವರೂ ಭಾರತೀಯರು. ಮಂಟಪದ ಕೃತಜ್ಞತೆ ಸುಳ್ಳಲ್ಲ; ಆದರೆ ಚನ್ನಪಟ್ಟಣದ ರೈತನಿಗೆ ಅದರಲ್ಲಿ ಪಾಲಿರಲಿಲ್ಲ.

ಇದನ್ನು ಹೇಳಲೋ ಬೇಡವೋ ಎಂದು ಅಳುಕಿ ಕೊನೆಗೆ ಹೇಳಿಯೇಬಿಟ್ಟೆ. ಮಿತ್ರರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರ ಪತ್ನಿ, ತಮ್ಮ ಊರಿನಲ್ಲಿ ಈಗ ಹುಳು ಸಾಕುವ ಒಂದು ಮನೆಯೂ ಉಳಿದಿಲ್ಲವೆಂದರು. ನೈಲಾನು ಬಂದು, ಯುದ್ಧ ಬಂದು, ಯುವಜನ ಪಟ್ಟಣ ಸೇರಿ, ಜಗತ್ತಿಗೆ ನೂಲು ಮಾರಿದ ದೇಶವೇ ನೂಲು ಕೊಳ್ಳುವ ದೇಶವಾಯಿತು.

ನಮ್ಮ ಕಥೆ ಬೇರೆ ತಿರುವು ಪಡೆಯಿತು. 1893ರಲ್ಲಿ ಜಪಾನಿಗೆ ಹೋಗಿಬಂದ ಜಮ್‌ಷೇಟ್‌ಜಿ ಟಾಟಾ ಅಲ್ಲಿನ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ತೋಟ ನಡೆಸಿದರು. ಬಸವನಗುಡಿಯ ಬಳಿ ಆ ಹೆಸರು ಇನ್ನೂ ಉಳಿದಿದೆ. ಶತಮಾನದ ಬಳಿಕ, 1991ರಿಂದ, ಜಪಾನಿನ ತಜ್ಞರು ಮತ್ತೆ ಬಂದು ಮೈಸೂರಿನ ಕೇಂದ್ರ ಸಂಶೋಧನಾಲಯದೊಡನೆ ದ್ವಿತಳಿ ಹುಳುಗಳ ಮೇಲೆ ದುಡಿದರು. ತಮ್ಮಲ್ಲಿ ನಂದುತ್ತಿದ್ದ ವಿದ್ಯೆಯನ್ನು, ಒಂದು ಕಾಲದಲ್ಲಿ ತಮ್ಮ ಸರಕಿಗೆ ಸೋತವರಿಗೇ ಅವರು ಕಲಿಸಿದರು.

ಕಡಲ ಕಡೆ ಮುಖಮಾಡಿದ ಬೆಂಚಿನ ಮೇಲೆ ಕುಳಿತು ನನ್ನ ಫೋನಿನಲ್ಲಿದ್ದ ರಾಮನಗರದ ಗೂಡಿನ ಮಾರುಕಟ್ಟೆಯ ಚಿತ್ರವನ್ನು ಆಕೆಗೆ ತೋರಿಸಿದೆ. ಬಾಲ್ಯದಲ್ಲಿ ಬಿಳಿಯ ಗೂಡುಗಳನ್ನಷ್ಟೇ ಕಂಡಿದ್ದವರು ನಮ್ಮ ಹಳದಿ ಗೂಡುಗಳ ರಾಶಿಯನ್ನು ಬೆರಳಿನಿಂದ ಹಿಗ್ಗಿಸಿ ನೋಡಿ, ಇದಕ್ಕೆ ಬಣ್ಣ ಹಾಕಿದ್ದಾರೆಯೇ ಎಂದು ಕೇಳಿದರು. ಹುಟ್ಟುಬಣ್ಣವೇ ಅದು ಎಂದೆ. ಊರಿನಲ್ಲಿರುವ ಅಕ್ಕನಿಗೆ ತೋರಿಸಬೇಕು, ಈ ಚಿತ್ರವನ್ನು ತಮಗೆ ಕಳುಹಿಸಿಕೊಡಬಹುದೇ ಎಂದರು.