ಕೊಡಚಾದ್ರಿಗೆ ಕಾಲ್ನಡಿಗೆಯಲ್ಲಿ

ಆಲ್ಪ್ಸ್ ಪರ್ವತಗಳಲ್ಲಿ ಚಳಿಗಾಲದ ಹಿಮದ ಮೇಲೆ ಜಾರುಹಲಗೆ ತೊಟ್ಟು ವಿಹರಿಸುವವರಲ್ಲಿ ಎರಡು ವರ್ಗಗಳುಂಟು. ಬಹುಪಾಲು ಜನರು ತಂತಿಯ ಮೇಲೆ ಸಾಗುವ ತೊಟ್ಟಿಲಿನಲ್ಲಿ ಕುಳಿತು ಮೇಲೇರಿ, ಅಲ್ಲಿಂದ ಕೆಳಕ್ಕೆ ಜಾರುತ್ತಾರೆ. ಇನ್ನು ಕೆಲವರು ಆ ತೊಟ್ಟಿಲನ್ನು ಬೇಡವೆಂದು, ಅದೇ ಹಲಗೆಗಳ ಮೇಲೆ ತಮ್ಮ ಕಾಲಬಲದಿಂದಲೇ ಏರುತ್ತಾರೆ. ಹಲಗೆಯ ತಳಕ್ಕೆ ಒಂದೇ ದಿಕ್ಕಿಗೆ ಮಲಗಿದ ರೋಮವುಳ್ಳ ಪಟ್ಟಿಯನ್ನು ಅಂಟಿಸಿರುತ್ತಾರೆ. ಹಿಂದೆ ಅದು ಸೀಲ್ ಪ್ರಾಣಿಯ ಚರ್ಮವಾಗಿತ್ತು, ಈಗ ನೈಲಾನ್ ಅಥವಾ ಮೇಕೆಯ ರೋಮದ್ದು. ಆಕಳ ಮೈಯನ್ನು ತಲೆಯಿಂದ ಬಾಲದ ಕಡೆಗೆ ಸವರಿದರೆ ಕೈ ಸಲೀಸಾಗಿ ಸಾಗುತ್ತದೆ, ಎದುರಾಗಿ ಸವರಿದರೆ ತಡೆಯುತ್ತದೆಯಲ್ಲವೇ? ಆ ಹಲಗೆಯೂ ಹಾಗೆಯೇ, ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ. ಗಂಟೆಗಟ್ಟಲೆ ಏರಿ ಅಲ್ಪಕಾಲದಲ್ಲಿ ಇಳಿದು ಮುಗಿಯುವ ಈ ವಿಹಾರವು ಲೆಕ್ಕಾಚಾರದ ಬುದ್ಧಿಗೆ ನಷ್ಟದ ವ್ಯವಹಾರವೇ ಸರಿ.

ಧರ್ಮಸಭೆಯಲ್ಲಿ ಇಂತಹ ನಷ್ಟವನ್ನು ಪ್ರೀತಿಸಿದವರು ಹಲವರಿದ್ದಾರೆ. ಮುಂದೆ ಹನ್ನೊಂದನೆಯ ಪಿಯುಸ್ ಎಂಬ ಹೆಸರಿನಿಂದ ಜಗದ್ಗುರುಗಳಾದ ಅಕಿಲ್ಲೆ ರಾತ್ತಿಯವರು 1889ರಲ್ಲಿ, ಇನ್ನೂ ಯುವ ಗುರುಗಳಾಗಿದ್ದಾಗ, ಮೋಂತೆ ರೋಸಾ ಪರ್ವತವನ್ನು ಅದರ ದುರ್ಗಮವಾದ ಪೂರ್ವಮುಖದಿಂದ ಏರಿದ್ದರು. 1925ರಲ್ಲಿ 24ನೆಯ ವಯಸ್ಸಿನಲ್ಲಿಯೇ ತೀರಿಕೊಂಡ ಟ್ಯೂರಿನ್ ನಗರದ ಪಿಯೆರ್ ಜಾರ್ಜೊ ಫ್ರಸ್ಸಾತಿ ಹಿಮಪರ್ವತಗಳ ಒಡನಾಡಿಯಾಗಿದ್ದ ತರುಣ. 2025ರ ಸೆಪ್ಟೆಂಬರ್ 7ರಂದು ಅವರನ್ನು ಸಂತರೆಂದು ಘೋಷಿಸಲಾಯಿತು.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಹಿಮವಿಲ್ಲ. ಆದರೆ ತೊಟ್ಟಿಲೋ ಕಾಲೋ ಎಂಬ ಪ್ರಶ್ನೆ ಇಲ್ಲಿಯೂ ಬಂದು ನಿಂತಿದೆ. ಹೊಸನಗರ ತಾಲ್ಲೂಕಿನ ಕೊಡಚಾದ್ರಿ 1343 ಮೀಟರ್ ಎತ್ತರದ ಗಿರಿ. ನಿಟ್ಟೂರು, ಕಟ್ಟಿನಹೊಳೆಗಳ ಕಡೆಯಿಂದ ಜೀಪುಗಳು ಅದರ ಹೆಗಲಿನವರೆಗೆ ಏರುತ್ತವೆ. ಮೂಲ ಮೂಕಾಂಬಿಕೆಯ ಗುಡಿಯಿಂದಾಚೆಗಿನ ಕೊನೆಯ ಏರು ಮಾತ್ರ ಎಲ್ಲರಿಗೂ ಕಾಲ್ನಡಿಗೆಯೇ.

ಕೆಲವು ವರ್ಷಗಳ ಹಿಂದೆ ಡಿಸೆಂಬರಿನ ಒಂದು ದಿನ ನಮ್ಮ ಧರ್ಮಕೇಂದ್ರದ ಎಂಟು ಮಂದಿ ಯುವಕರೊಡನೆ ನಾನು ಕೆಳಗಿನಿಂದಲೇ ನಡೆದೆ. ಮಳೆಗಾಲದಲ್ಲಾದರೆ ಕಾಲಿಗೆ ಉಂಬಳಗಳು ಮುತ್ತುತ್ತವೆ. ಡಿಸೆಂಬರಿನಲ್ಲಿ ಆ ಕಾಟ ಕಡಿಮೆ. ಮೊದಲ ಗಂಟೆಯಲ್ಲಿ ಹುಡುಗರು ಬಿಡದೆ ಮಾತನಾಡಿದರು, ಎರಡನೆಯ ಗಂಟೆಯಲ್ಲಿ ಹಾಡಿದರು. ಮೂರನೆಯ ಗಂಟೆಯಲ್ಲಿ ಉಸಿರಿನ ಸದ್ದಲ್ಲದೆ ಬೇರೇನೂ ಇರಲಿಲ್ಲ. ದಟ್ಟ ಕಾಡು ಕಳೆದು ಹುಲ್ಲುಗಾವಲು ತೆರೆದುಕೊಂಡಿತು. ಕಣಿವೆಗಳ ಮಡಿಲಿನಲ್ಲಿ ಮಾತ್ರ ಶೋಲಾ ಕಾಡು, ಉಳಿದುದೆಲ್ಲ ಒಣಗುತ್ತಿದ್ದ ಚಿನ್ನದ ಬಣ್ಣದ ಹುಲ್ಲು. ಜೀಪೊಂದು ಕೆಂಧೂಳೆಬ್ಬಿಸಿ ನಮ್ಮನ್ನು ದಾಟಿದಾಗ ಎಲ್ಲರೂ ಅಂಚಿಗೆ ಸರಿದು ಮೂಗು ಮುಚ್ಚಿಕೊಂಡೆವು. ಅದರಲ್ಲಿದ್ದವರು ನಮ್ಮನ್ನು ಕಂಡು ಕರುಣೆಯಿಂದ ಕೈಬೀಸಿದರು!

ಗುಡಿಯ ಮುಂದೆ ಎತ್ತರವಾದ ಪ್ರಾಚೀನ ಕಬ್ಬಿಣದ ಸ್ತಂಭವೊಂದಿದೆ. ಪಶ್ಚಿಮ ಘಟ್ಟದ ಮುಂಗಾರು ಮಳೆಗೆ ಅದೆಷ್ಟೋ ಕಾಲದಿಂದ ಮೈಯೊಡ್ಡಿ ನಿಂತಿದ್ದರೂ ಅದು ತುಕ್ಕಿಗೆ ಬಲಿಯಾಗಿಲ್ಲ. ಲೋಹತಜ್ಞರು ಅದನ್ನು ಪರೀಕ್ಷಿಸಿದ್ದಾರೆ. ಶಿಖರದಲ್ಲಿರುವುದು ಸರ್ವಜ್ಞಪೀಠವೆಂಬ ಪುಟ್ಟ ಕಲ್ಲಿನ ಮಂಟಪ. ಶಂಕರಾಚಾರ್ಯರು ಅಲ್ಲಿ ತಪಸ್ಸು ಮಾಡಿದರೆಂಬುದು ಪ್ರತೀತಿ. ಸೆಮಿನರಿಯಲ್ಲಿ ಅವರ ಅದ್ವೈತವನ್ನು ಪರೀಕ್ಷೆಗಾಗಿ ಓದಿದ ನನಗೆ, ಆ ಚಿಕ್ಕ ಮಂಟಪದ ಬಳಿ ಪಠ್ಯಪುಸ್ತಕದ ಒಂದು ವಾಕ್ಯವೂ ನೆನಪಾಗಲಿಲ್ಲ.

ನೆನಪಾದುದು ಇಟಲಿಯ ಕವಿ ಪೆತ್ರಾರ್ಕ. 1336ರ ಏಪ್ರಿಲ್ 26ರಂದು ಆತ ತನ್ನ ತಮ್ಮನೊಡನೆ ಫ್ರಾನ್ಸಿನ ವೆಂತೂ ಬೆಟ್ಟವನ್ನೇರಿದುದಾಗಿ ಪತ್ರವೊಂದರಲ್ಲಿ ಬರೆದಿದ್ದಾನೆ. ತಮ್ಮನು ಕಡಿದಾದ ನೇರ ದಾರಿ ಹಿಡಿದ. ಕವಿಯು ಸುಲಭದ ದಾರಿಯನ್ನು ಹುಡುಕುತ್ತ ಮತ್ತೆ ಮತ್ತೆ ಕಣಿವೆಗಿಳಿದು ಇಮ್ಮಡಿ ದಣಿದ. ತುದಿಯಲ್ಲಿ ಸಂತ ಅಗಸ್ಟೀನರ ಆತ್ಮನಿವೇದನೆಯ ಗ್ರಂಥವನ್ನು ತೆರೆದರೆ, ಬೆಟ್ಟ ಸಮುದ್ರಗಳನ್ನು ನೋಡಿ ಬೆರಗಾಗುವ ಮನುಷ್ಯರು ತಮ್ಮನ್ನೇ ಮರೆಯುತ್ತಾರೆಂಬ ಮಾತು ಕಣ್ಣಿಗೆ ಬಿತ್ತು. ಕವಿ ಇಳಿಯುವವರೆಗೂ ಮಾತನಾಡಲಿಲ್ಲ. ಅಗಸ್ಟೀನರ ಮೇಲೆ ನನಗೆ ಅಪಾರ ಗೌರವವಿದೆ; ಆದರೂ ಬೆರಗು ಅಷ್ಟೊಂದು ಅಪರಾಧವೆಂದು ನನಗೆ ತೋರುವುದಿಲ್ಲ. ಪಶ್ಚಿಮಕ್ಕೆ ಅರಬ್ಬೀ ಸಮುದ್ರದ ಬೆಳ್ಳಿಗೆರೆ, ಇತ್ತ ಅಲೆಅಲೆಯಾದ ಮಲೆಗಳು. ಅವುಗಳ ನಡುವೆ ಶರಾವತಿಯ ಸೀಮೆ: ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಲಿಂಗನಮಕ್ಕಿಯಲ್ಲಿ 1964ರಿಂದ ಕಟ್ಟಿಹಾಕಿಸಿಕೊಂಡ ನದಿಯದು. ನಮ್ಮ ಗುಂಪಿನ ಒಬ್ಬ ಹುಡುಗ ಬಹಳ ಹೊತ್ತು ಆ ದಿಕ್ಕನ್ನೇ ನೋಡುತ್ತಿದ್ದ. ಅವನ ಅಜ್ಜನ ಗದ್ದೆ ಹಿನ್ನೀರಿನ ಅಡಿಯಲ್ಲಿದೆ.

ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ನಿರ್ಮಿಸಬೇಕೆಂಬ ಪ್ರಸ್ತಾಪ ಈಚಿನ ವರ್ಷಗಳಲ್ಲಿ ಕೇಳಿಬಂದಿದೆ. ಜೀಪಿನ ಧೂಳಿಗಿಂತ ಅದು ಮೇಲೆಂದು ವಾದಿಸುವವರಿದ್ದಾರೆ. ವೃದ್ಧರಿಗೂ ಅಂಗವಿಕಲರಿಗೂ ಶಿಖರದ ಹಕ್ಕಿಲ್ಲವೇ ಎಂದು ಕೇಳುವವರೂ ಇದ್ದಾರೆ. ಎರಡನೆಯ ಪ್ರಶ್ನೆ ನನ್ನನ್ನು ಕಾಡುತ್ತದೆ. ನಡೆಯಬಲ್ಲವನು ನಡಿಗೆಯ ಹಿರಿಮೆಯನ್ನು ಹಾಡುವುದು ಸುಲಭ. ಆದರೆ ತಂತಿಯ ತೊಟ್ಟಿಲು ಬಂದರೆ ಬರುವವರು ವೃದ್ಧರಷ್ಟೇ ಅಲ್ಲ, ಎಲ್ಲರೂ. ಸಾವಿರಾರು ಪಾದಗಳು ಒಂದೇ ಹುಲ್ಲುದಿಬ್ಬವನ್ನು ತುಳಿದರೆ, ವೃದ್ಧರು ಕಾಣಬಯಸಿದ ಆ ಶಿಖರವೇ ಉಳಿಯದು. ಜೀಪುಗಳ ಸಂಖ್ಯೆಗೆ ಮಿತಿಯಿರಲಿ, ಅವುಗಳಲ್ಲಿ ನಡೆಯಲಾರದವರಿಗೆ ಮೊದಲ ಸ್ಥಳವಿರಲಿ. ತಂತಿ ಬೇಡ ಎಂಬುದು ನನ್ನ ಅಭಿಪ್ರಾಯ.

ಈ ಮಾತನ್ನು ನಮ್ಮ ಕೇಂದ್ರದ ಎಂಬತ್ತು ದಾಟಿದ ತಾಯಿಯೊಬ್ಬರ ಮುಂದಿಟ್ಟೆ. "ಅಷ್ಟು ದೂರ ಯೋಚನೆ ಯಾಕೆ ಫಾದರ್? ಗುಡಿಯ ತನಕ ಜೀಪಿನಲ್ಲಿ ಕರೆದುಕೊಂಡು ಹೋಗಿ, ಸಾಕು. ತುದಿಗೆ ಮೊಮ್ಮಕ್ಕಳು ಹೋಗಿ ಬರಲಿ, ಸಮುದ್ರ ಕಂಡಿತೋ ಇಲ್ಲವೋ ಬಂದು ಹೇಳಲಿ" ಎಂದರು. ಮರುವರ್ಷ ಹಾಗೆಯೇ ಮಾಡಿದೆವು. ಕಬ್ಬಿಣದ ಸ್ತಂಭದ ಬಳಿ ಶಾಲು ಹೊದ್ದು ಎರಡು ಗಂಟೆ ಕುಳಿತಿದ್ದರು. ಮೊಮ್ಮಕ್ಕಳು ಮೇಲಿನಿಂದ ಇಳಿದು ಬಂದು, ಮಂಜು ಕವಿದಿತ್ತು, ಏನೂ ಕಾಣಲಿಲ್ಲ ಎಂದರು.