ಕಾದಾಟದ ಕತ್ತಿಗೆ ಕುಲುಮೆಯ ಹದ

ಎಮ್ಮೆದೊಡ್ಡಿ ಹಳ್ಳಿಯ ಪಡುವಣಕ್ಕೆ ಬಾಬಾಬುಡನ್‌ಗಿರಿ ಸಾಲು. ಅದೇ ಸಾಲಿನ ಕೆಮ್ಮಣ್ಣುಗುಂಡಿಯಿಂದ ಅದಿರು ತಣಿಗೆಬೈಲಿಗೆ ಇಳಿದು, 1923ರಲ್ಲಿ ಶುರುವಾದ ಭದ್ರಾವತಿ ಕಾರ್ಖಾನೆಯಲ್ಲಿ ಕಬ್ಬಿಣವಾಗುತ್ತಿತ್ತು. ಇಂಥ ಕಬ್ಬಿಣದ ಸೀಮೆಯಲ್ಲೂ ಹಳ್ಳಿಯ ಕುಲುಮೆಗೆ ಬರುವ ಕೆಲಸವೆಂದರೆ ಮಚ್ಚು, ಕುಡುಗೋಲು, ಗುದ್ದಲಿ. ಕಾದಾಟಕ್ಕೆಂದೇ ರೂಪ ತಳೆದು, ಇಂದಿಗೂ ಸೊಂಟದಲ್ಲಿ ಉಳಿದಿರುವ ಕತ್ತಿ ನೋಡಬೇಕಾದರೆ ಕೊಡಗಿನ ಪೀಚೆಕತ್ತಿಯನ್ನೇ ನೋಡಬೇಕು.

ಕುಪ್ಯ ಎಂಬ ನಿಲುವಂಗಿಯ ಮೇಲೆ ಸುತ್ತಿದ ಕೆಂಪು ನಡುಪಟ್ಟಿ ಚೇಲೆಗೆ ಮುಂದುಗಡೆ ಸಿಕ್ಕಿಸುವ ಗಿಡ್ಡ ಕತ್ತಿ ಇದು. ಒಂದೇ ಕಡೆ ಬಾಯಿ. ಹಿಡಿಯ ತುದಿ ಗಿಳಿಯ ತಲೆಯಂತೆ ಅರಳಿರುತ್ತದೆ. ಮರದ ಒರೆಗೆ ಬೆಳ್ಳಿಯ ಹೊದಿಕೆ, ಜೊತೆಗೆ ಸರಪಳಿ. ಇದರ ಅಣ್ಣನಂತಿರುವ ಒಡಿಕತ್ತಿಯದು ಒಳಬಾಗಿದ ಅಗಲ ಅಲಗು. ಅದನ್ನು ಬೆನ್ನಿನ ಕಡೆಯ ತೋಡಂಗ್ ಎಂಬ ಕೊಕ್ಕೆಯಲ್ಲಿ ಸಿಕ್ಕಿಸುತ್ತಾರೆ. ಮದುವೆಯಲ್ಲಿ ಬಾಳೆದಿಂಡು ಕಡಿಯುವುದು ಅದರಿಂದಲೇ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ತೋಕ್‌ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ.

ಕತ್ತಿ ಮಾಡಲು ಹೊಸದಾಗಿ ಕೈ ಹಚ್ಚುವವರ ಕಣ್ಣು ಮೊದಲು ಬೀಳುವುದು ಒರೆಯ ಬೆಳ್ಳಿಯ ಮೇಲೆ. ಆದರೆ ಕತ್ತಿಯ ಯೋಗ್ಯತೆ ತೀರ್ಮಾನವಾಗುವುದು ಒಲೆಯಲ್ಲಿ. ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟು ಒಳ್ಳೆಯ ಸಾಮಾನು. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು. ಬಿರುಕು ಬಿಟ್ಟ ಪ್ಲೇಟು ಮಾತ್ರ ಬೇಡ. ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲೆ ಬಡಿದು, ತುದಿ ಮತ್ತು ಹಿಡಿಯೊಳಗೆ ಸೇರುವ ಬಾಲ ಎಳೆದುಕೊಳ್ಳಬೇಕು. ಬಾಲ ಅಲಗನ್ನು ಕೂಡುವ ಮೂಲೆಯನ್ನು ಅರದಿಂದ ದುಂಡಗೆ ಮಾಡಬೇಕು. ಚೂಪು ಮೂಲೆ ಬಿಟ್ಟರೆ ಮುರಿಯುವುದು ಅಲ್ಲೇ. ಬಾಯಿಯನ್ನು ಸುಮಾರು ಒಂದು ಮಿಲಿಮೀಟರ್ ದಪ್ಪ ಉಳಿಸಬೇಕು, ಇಲ್ಲವಾದರೆ ಹದ ಹಾಕುವಾಗ ಡೊಂಕಾಗುತ್ತದೆ.

ಹದದ ಲೆಕ್ಕ ಇಷ್ಟು. ಅಲಗು ಆಯಸ್ಕಾಂತಕ್ಕೆ ಅಂಟದಷ್ಟು ಕಾದ ಮೇಲೂ ಸ್ವಲ್ಪ ಕಾಯಿಸಿ, ಸುಮಾರು 830 ಡಿಗ್ರಿ ಸೆಲ್ಸಿಯಸ್‌ಗೆ ತಂದು, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ನೀರಿನಲ್ಲಿ ಅದ್ದಿದರೆ ಸೀಳುವ ಭಯ ಹೆಚ್ಚು. ಹೊರತೆಗೆದಾಗ ಅರ ಕಚ್ಚದೆ ಜಾರಿದರೆ ಗಡಸು ಬಂತೆಂದು ಅರ್ಥ. ಆದರೆ ಹಾಗೇ ಬಿಟ್ಟರೆ ಗಾಜಿನ ಗುಣ: ಬಿದ್ದರೆ ಚೂರು. ಆದ್ದರಿಂದ 200 ಡಿಗ್ರಿಯ ಓವನ್ನಿನಲ್ಲಿ ಎರಡೆರಡು ಗಂಟೆ, ಎರಡು ಸಲ ಇಡುತ್ತಾರೆ. ಉಜ್ಜಿ ಹೊಳೆಯಿಸಿದ ಅಲಗಿಗೆ ಒಣಹುಲ್ಲಿನ ಹಳದಿ ಏರಿದರೆ ಹದ ಕೂತಿತು.

ಕಾನೂನಿನ ಗೆರೆಯೂ ಒಂದಿದೆ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿನ ಕತ್ತಿ ಮನೆ, ಹೊಲದ ಕೆಲಸದ್ದಲ್ಲವಾದರೆ ಶಸ್ತ್ರಾಸ್ತ್ರ ನಿಯಮಗಳಲ್ಲಿ ಅದು ಆಯುಧ. ತಯಾರಿಕೆಗೂ ಮಾರಾಟಕ್ಕೂ ಪರವಾನಗಿ ಬೇಕು. ಕಲಿಯುವವರು ಆ ಅಳತೆಯೊಳಗಿನ ತೋಟದ ಕತ್ತಿಯಿಂದ ಶುರು ಮಾಡುವುದೇ ಜಾಣತನ.

ಮೊದಲ ಕತ್ತಿಗೆ ಪರೀಕ್ಷಕ ಒಣ ಬಿದಿರು. ನಾಲ್ಕು ಏಟು ಹಾಕಿ ಬಾಯಿ ನೋಡಿ. ಮುಕ್ಕಾಗಿದ್ದರೆ ಗಡಸು ಜಾಸ್ತಿ, ಇನ್ನೊಮ್ಮೆ ಓವನ್ನಿಗೆ, 20 ಡಿಗ್ರಿ ಮೇಲೆ. ಮಡಚಿಕೊಂಡಿದ್ದರೆ ಮೆದು, ಮತ್ತೆ ಒಲೆಗೆ. ಎರಡೂ ಆಗದಿದ್ದರೆ ಸಾಣೆಗೆ ಕೊಡಬಹುದು. ಬೆಳ್ಳಿ ಕೆಲಸದ ಅಕ್ಕಸಾಲಿಗರನ್ನು ಹುಡುಕುವ ಮಾತು ಆಮೇಲಿನದು.