ತಾರೀಖಿನ ಬುತ್ತಿ

ಹುನಗುಂದದ ಕೋರ್ಟಿಗೆ ಬರುವವರನ್ನು ಕೈಯಲ್ಲಿರುವ ಗಂಟಿನಿಂದಲೇ ಗುರುತಿಸಬಹುದು. ಕೆಂಪು ಲಾಡಿ ಸುತ್ತಿದ ಕಾಗದದ ಗಂಟು ವಕೀಲರ ಗುಮಾಸ್ತನದು. ಅರಿವೆಯ ಗಂಟು ಕಕ್ಷಿದಾರನದು: ಮೂರ್ನಾಲ್ಕು ಕಟಕ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಅರಿವೆಯ ಗಂಟು ಮಧ್ಯಾಹ್ನಕ್ಕೆ ಬಿಚ್ಚುತ್ತದೆ. ಇನ್ನೊಂದರ ಮಾತು ಬೇರೆ.

ಇವತ್ತು ಶನಿವಾರ, ಲೋಕ ಅದಾಲತ್ತಿನ ದಿನ. ಎಂದಿನಂತೆ ಹೆಸರು ಕೂಗುವ ಸದ್ದಿಲ್ಲ, ಕರಿಕೋಟಿನ ಓಡಾಟ ಮಾತ್ರ ಜೋರಾಗಿದೆ. ಹೊರಗೆ ಚಹಾದವನ ಸ್ಟೋ ಭರ್ರೆನ್ನುತ್ತಿದೆ. ಬ್ಯಾಂಕಿನ ಹುಡುಗರು ಕಟ್ಟದೆ ಉಳಿದ ಸಾಲದ ಪಟ್ಟಿ ಹಿಡಿದು ಒಂದು ಮೂಲೆಯಲ್ಲಿ ಕೂತಿದ್ದಾರೆ. ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ ಊರಿಗೆ ತಂದುಕೊಟ್ಟ ಅಪಘಾತದ ಕೇಸುಗಳಿವೆ. ಕೈಗೆ ಪಟ್ಟಿ ಕಟ್ಟಿಕೊಂಡ ಹುಡುಗನೊಬ್ಬ ವಿಮೆ ಕಂಪನಿಯ ವಕೀಲರ ಬೆನ್ನು ಬಿಡುತ್ತಿಲ್ಲ. ಬೇವಿನ ಗಿಡದ ನೆರಳಿನಲ್ಲಿ ಕೂತ ಹೆಣ್ಣುಮಗಳು ಗೆಳತಿಗೆ ಹೇಳುತ್ತಿದ್ದಾಳೆ: “ಅಂವನ ಮ್ಯಾಲೆ ನೂರಾ ಇಪ್ಪತ್ತೈದು ಹಾಕೀನಿ.” ಜೀವನಾಂಶದ ಅರ್ಜಿಗೆ ಈ ಸೀಮೆಯ ಹೆಣ್ಣುಮಕ್ಕಳ ಬಾಯಲ್ಲಿ ಅದೇ ಹೆಸರು. 2024ರ ಜುಲೈ 1ರಿಂದ ಆ ಕಲಮಿನ ನಂಬರು 144 ಆಗಿದೆ. 144 ಎಂದರೆ ಗುಂಪು ಕೂಡುವಂತಿಲ್ಲ, ಪೊಲೀಸರು ಬರುತ್ತಾರೆ ಎಂದೇ ತಿಳಿದು ಬೆಳೆದ ಊರಿಗೆ ಈಗ ಅದೇ ಅಂಕಿ ಗಂಡನಿಂದ ಊಟಕ್ಕೆ ಕೇಳುವ ಕಲಮು. ದಿಲ್ಲಿಯಲ್ಲಿ ನಂಬರು ಬದಲಿಸುವುದು ಸುಲಭ. ಬೇವಿನ ನೆರಳಿಗೆ ಅದು ಇಳಿದು ಬರಲು ಇನ್ನೂ ಎಷ್ಟು ಮಳೆಗಾಲ ಬೇಕೋ!

ಪಟಗಾ ಸುತ್ತಿದ ಹಿರಿಯರೊಬ್ಬರು ಕಟ್ಟೆಯ ಮೇಲೆ ಸರಿದು ಜಾಗ ಕೊಟ್ಟರು. ಕೂಡಲಸಂಗಮದ ಕಡೆಯವರು. ನಾರಾಯಣಪುರ ಆಣೆಕಟ್ಟಿನ ಹಿನ್ನೀರಿಗೆ ಹೊಲ ಹೋದ ಮನೆ ಅವರದು. ಆಲಮಟ್ಟಿ, ನಾರಾಯಣಪುರಗಳ ನೀರು ಕಂಡ ಈ ಜಿಲ್ಲೆಯಲ್ಲಿ ‘ಹದಿನೆಂಟನೇ ಕಲಮು’ ಅಂದರೆ ಬಿಡಿಸಿ ಹೇಳಬೇಕಿಲ್ಲ. ಅಧಿಕಾರಿ ಕಟ್ಟಿದ ಬೆಲೆ ಒಪ್ಪಿಗೆಯಾಗದವನು 1894ರ ಭೂಸ್ವಾಧೀನ ಕಾಯ್ದೆಯ ಆ ಕಲಮಿನ ಕೆಳಗೆ ಸಿವಿಲ್ ಕೋರ್ಟಿಗೆ ಬರುತ್ತಿದ್ದ. ಅಲ್ಲಿ ಬೆಲೆ ಏರಿದರೆ ಸರ್ಕಾರ ಹೈಕೋರ್ಟಿಗೆ. ಅಲ್ಲೂ ಉಳಿದುಕೊಂಡರೆ ರೊಕ್ಕ ವಸೂಲಿಗೆ ಮತ್ತೆ ಇದೇ ಕೋರ್ಟಿನಲ್ಲಿ ದರಖಾಸ್ತು. ಗೆದ್ದವನೇ ಮತ್ತೊಮ್ಮೆ ಅರ್ಜಿ ಹಾಕಿ ನಿಲ್ಲಬೇಕೆಂಬುದು ಹೊರಗಿನವರಿಗೆ ಸುಲಭಕ್ಕೆ ತಿಳಿಯುವುದಿಲ್ಲ.

“ಹೈಕೋರ್ಟ್ ಅಂದ್ರ ಆಗ ಬೆಂಗಳೂರ್ರಿ,” ಎಂದರು ಅವರು. “ಎರಡ ರಾತ್ರಿ ಬಸ್ಸಿನ್ಯಾಗ, ಒಂದ ದಿನ ಕೋರ್ಟಿನ ಬಾಗಿಲದಾಗ. ವಕೀಲರ ಮಾರಿ ಕಾಣೂದು ಐದ ಮಿನಿಟು. ಮೂರ ದಿನದ ಬುತ್ತಿ ಕಟ್ಟಬೇಕಾಗ್ತಿತ್ತು ನಮ್ಮಾಕಿ.”

1997ರಲ್ಲಿ ಬಾಗಲಕೋಟೆ ಜಿಲ್ಲೆಯಾಗುವ ಮುನ್ನ ಹುನಗುಂದಕ್ಕೆ ವಿಜಾಪುರವೇ ಜಿಲ್ಲಾ ಕೇಂದ್ರವಾಗಿತ್ತು. ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಕೋರ್ಟು ಬಿಟ್ಟು ಬೀದಿಗಿಳಿದ ಮೇಲೆ 2008ರ ಜುಲೈನಲ್ಲಿ ಧಾರವಾಡ, ಕಲಬುರಗಿಗಳಿಗೆ ಹೈಕೋರ್ಟಿನ ಸಂಚಾರಿ ಪೀಠಗಳು ಬಂದವು. 2013ರ ಆಗಸ್ಟಿನಲ್ಲಿ ಕಾಯಂ ಆದವು. ನ್ಯಾಯಾಂಗ ಸುಧಾರಣೆಯ ಮೇಲೆ ಬಂದ ದಪ್ಪ ದಪ್ಪ ವರದಿಗಳಿಗಿಂತ ಈ ಅಜ್ಜನ ಲೆಕ್ಕ ನನಗೆ ಹೆಚ್ಚು ನೆಚ್ಚಿಕೆಯದು: ಮೂರು ದಿನದ ಬುತ್ತಿ ಒಂದು ದಿನದ್ದಾಯಿತು.

“ಮೊದಲ ಸಂಗಮನಾಥನ ಮುಂದ ಆಣಿ ಮಾಡಿಸಿದ್ರ ಮುಗೀತಿತ್ತು,” ಎಂದೂ ಸೇರಿಸಿದರು. ಆಣೆಗೆ ಹೆದರುತ್ತಿದ್ದವರು ಯಾರು, ಹೆದರದವರು ಯಾರು ಎಂದು ನಾನು ಕೇಳಲಿಲ್ಲ.

ಒಳಗೆ ಮೇಜಿನ ಆಚೆ ನ್ಯಾಯಾಧೀಶರು, ಮಗ್ಗುಲಲ್ಲಿ ಸಂಧಾನಕಾರರಾದ ವಕೀಲರು. ಈಚೆ ಇಬ್ಬರು ಅಣ್ಣಂದಿರು, ಒಬ್ಬಳು ತಂಗಿ. ತಂಗಿಗೆ ಅರವತ್ತರ ಹತ್ತಿರ. ಬಣ್ಣ ಮಾಸಿದ ಇಳಕಲ್ಲ ಸೀರೆ, ಟೋಪು ತೆನಿಯ ಕೆಂಪು ಸೆರಗನ್ನು ತಲೆಯ ಮೇಲೆಳೆದುಕೊಂಡಿದ್ದಾಳೆ. ಅಪ್ಪನ ಒಂಬತ್ತು ಎಕರೆ ಎರೆಹೊಲದಲ್ಲಿ ಪಾಲು ಕೇಳಿ ದಾವೆ ಹಾಕಿದವಳು ಆಕೆಯೇ. ಕಾನೂನು ನೆರವಿನ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ವಕೀಲರು ಪುಕ್ಕಟೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಬಂದ ಹುಡುಗಿ ವಕೀಲೆ ಪಕ್ಕದಲ್ಲಿ ನಿಂತಿದ್ದಾಳೆ.

ಈ ಅಮ್ಮನ ಕೇಸಿನ ಹಿಂದೆ ಕಾಯ್ದೆಯ ದೊಡ್ಡ ನಡಿಗೆಯೇ ಇದೆ. 1994ರಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಈಕೆಯ ಮದುವೆ ಅದಕ್ಕೂ ಹಿಂದೆ. 2005ರ ಕೇಂದ್ರ ತಿದ್ದುಪಡಿ ಆ ಬೇಲಿ ಕಿತ್ತಿತು. ಆದರೆ ಅಪ್ಪ ಅದಕ್ಕೂ ಮೊದಲೇ ತೀರಿಕೊಂಡಿದ್ದರೆ? ಆ ಗೊಂದಲವನ್ನು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿದ್ದು 2020ರ ಆಗಸ್ಟ್ 11ರಂದು: ಹಕ್ಕು ಹುಟ್ಟಿನಿಂದಲೇ ಬಂದದ್ದು, ಅಪ್ಪ ಬದುಕಿರಬೇಕೆಂದೇನಿಲ್ಲ. ಇಷ್ಟಾಗಿ ಪಾಲಿನ ದಾವೆಯಲ್ಲಿ ಹುಕುಂ ಎರಡು ಸಲ. ಯಾರದು ಎಷ್ಟು ಪಾಲು ಎಂಬ ಪ್ರಾಥಮಿಕ ಡಿಕ್ರಿ ಮೊದಲು, ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂಬ ಅಂತಿಮ ಡಿಕ್ರಿ ಆಮೇಲೆ. ಎರಡರ ನಡುವೆ ಮುದುಕರು ಸಾಯುತ್ತಾರೆ, ವಾರಸುದಾರರು ಸೇರುತ್ತಾರೆ. ಎರಡನೆಯದಕ್ಕೆ ಬೇರೆ ಅರ್ಜಿಗೆ ಕಾಯದೆ ಕೆಳಗಿನ ಕೋರ್ಟುಗಳೇ ಮುಂದುವರಿಸಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂತು.

ರಾಜಿಯಾದರೆ ಇದೆಲ್ಲ ಇವತ್ತೇ ಮುಗಿಯುತ್ತದೆ. ಅದಾಲತ್ತಿನ ತೀರ್ಪು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟು ಫೀ ವಾಪಸು. ಹಿರಿಯಣ್ಣ ಒಂದಿಷ್ಟು ರೊಕ್ಕದ ಮಾತಾಡಿದ. ಹಕ್ಕು ಬಿಟ್ಟು ಸಹಿ ಹಾಕಿದರೆ ಸೀರೆ ಕುಪ್ಪಸ ತಪ್ಪಿಸುವುದಿಲ್ಲ ಎಂದ.

“ಏನಂತೀಯವಾ?” ನ್ಯಾಯಾಧೀಶರು ಕೇಳಿದರು.

“ನಂಗ ಅಣ್ಣಗೋಳ ಮ್ಯಾಲೆ ಸಿಟ್ಟಿಲ್ರಿ ಸಾಹೇಬ್ರ. ಸೀರಿ ಕೊಡೂದು ಬಿಡೂದು ಅವರ ಮರ್ಜಿ. ಹೊಲದಾಗಿಂದು ನಂದೆಷ್ಟು ಅನ್ನೂದು ನಂಗ ಗೊತ್ತಾಗಬೇಕ್ರಿ.”

ಸಂಧಾನಕಾರರು ಮೊತ್ತ ಏರಿಸಿ ನೋಡಿದರು. ಕಿರಿಯಣ್ಣ ನೆಲ ನೋಡುತ್ತಿದ್ದ. ನ್ಯಾಯಾಧೀಶರು ಒತ್ತಾಯ ಮಾಡಲಿಲ್ಲ. ಅದು ದೊಡ್ಡ ಮಾತು. ಅದಾಲತ್ತಿನ ದಿನ ಮುಗಿಸಿದ ಕೇಸುಗಳ ಲೆಕ್ಕ ಮೇಲಕ್ಕೆ ಹೋಗುತ್ತದೆ, ಮರುದಿನದ ಪತ್ರಿಕೆಯಲ್ಲಿ ಅಂಕಿ ಬರುತ್ತದೆ. ರಾಜಿಯಲ್ಲಿ ಬಾಗಿದವರು ಯಾರು ಎಂಬ ಅಂಕಣ ಆ ಪಟ್ಟಿಯಲ್ಲಿಲ್ಲ. ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ತವರಿನ ಹೊಸ್ತಿಲು ಉಳಿಸಿಕೊಳ್ಳಲು ಹೊಲ ಬಿಟ್ಟಿದ್ದಾಳೆ, ಅದನ್ನೇ ನಾವು ಸೌಹಾರ್ದ ಎಂದು ಬರೆದಿದ್ದೇವೆ. ಕಡತದ ಮೇಲೆ ‘ರಾಜಿ ಆಗಿಲ್ಲ’ ಎಂದು ಬಿತ್ತು. ದಾವೆ ತನ್ನ ಹಳೆಯ ಸಾಲಿಗೇ ಮರಳಿತು.

ಮಧ್ಯಾಹ್ನ ಬೇವಿನ ಕೆಳಗೆ ಗಂಟುಗಳು ಬಿಚ್ಚಿದವು. ಸಣ್ಣ ರೈತರ, ಬಡವರ ದಾವೆಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು 2023ರಲ್ಲಿ ವಿಧಾನಮಂಡಲ ತಿದ್ದುಪಡಿ ಮಾಡಿದ ಸುದ್ದಿಯನ್ನು ಅಜ್ಜನಿಗೆ ಹೇಳಿದೆ. ರೊಟ್ಟಿ ಮುರಿಯುತ್ತ, “ಆರ ತಿಂಗಳೇನ್ರಿ?” ಎಂದು ಕೇಳಿ ಸುಮ್ಮನಾದರು. ಅಣ್ಣತಂಗಿಯರು ಮೂರು ಮೂಲೆಗಳಲ್ಲಿ ಕೂತಿದ್ದರು. ನೋಡನೋಡುತ್ತಿದ್ದಂತೆ ಕಿರಿಯವನು ಎದ್ದು ಹೋಗಿ ತಂಗಿಯ ಮುಂದೆ ನೀರಿನ ಬಾಟಲಿ ಇಟ್ಟು ಬಂದ. ಮಾತಾಡಲಿಲ್ಲ.

ಸಂಜೆ ಬಸ್‌ ಸ್ಟ್ಯಾಂಡಿನಲ್ಲಿ ಮತ್ತೆ ಆಕೆ ಸಿಕ್ಕಳು. ಮುಂದಿನ ತಾರೀಖನ್ನು ವಕೀಲೆ ಹುಡುಗಿ ಬರೆದುಕೊಟ್ಟಿದ್ದು ಬೆಳಿಗ್ಗೆಯ ಬಸ್ಸಿನ ಚೀಟಿಯ ಬೆನ್ನಿಗೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಕೊಡುವ ಶೂನ್ಯ ದರದ ಚೀಟಿ ಅದು. ಮೊದಲಾಗಿದ್ದರೆ ತಾರೀಖು ಬಂತೆಂದರೆ ಬಸ್‌ಚಾರ್ಜಿಗೂ ಮಗನ ಮುಂದೆ ಕೈ ಚಾಚಬೇಕಿತ್ತಂತೆ, ಹಾಗಾಗಿ ಎರಡು ತಾರೀಖು ತಪ್ಪಿಸಿಕೊಂಡಿದ್ದಳಂತೆ. ಅದನ್ನು ನ್ಯಾಯಾಂಗ ಸುಧಾರಣೆ ಎಂದು ಯಾರೂ ಕರೆದದ್ದಿಲ್ಲ.

“ಇದರಾಗ ಎಷ್ಟನೇ ತಾರೀಖ ಐತಿ, ಒಂದೀಟ ಓದ್ರಿ ಯಪ್ಪಾ.”

ಓದಿ ಹೇಳಿದೆ. ಬೆರಳು ಮಡಚಿ ಎಣಿಸಿದಳು. “ಅವತ್ತ ಅಮಾಸಿ ಬರ್ತೈತಿ,” ಎಂದು ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸಿಗೆ ಓಡಿದಳು.